ಕೌಂಟೆಸ್ ಉಮ್ಮನ ಬಿಳಲುಗಳು

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಶಟರ್ ಎತ್ತಿದ ಸ್ವಲ್ಪ ಹೊತ್ತಿಗೆ ಅವರು ಬಂದರು. ಆಗ ಅಂಗಡಿಯಲ್ಲಿ ಇದ್ದವರು ನಾವು ಮೂವರು. ಗಲ್ಲಾದ ಹಿಂದೆ ಅರಬಿ ಕಾಫಿ ಕಾವಾ ಹೀರುತ್ತ ಯಜಮಾನರು. ಕಿಟಕಿಯ ಬೆಳಕು ಚೆನ್ನಾಗಿ ಬೀಳುವ ಇಳಿಜಾರು ಮೇಜಿನಲ್ಲಿ ಬಿದಿರಿನ ಲೇಖನಿ ಹಿಡಿದ ಭಟ್ಕಳದವನು. ಒಳಮೂಲೆಯಲ್ಲಿ, ದೊಡ್ಡ ಮುದ್ರಣಯಂತ್ರದ ಬಿಸಿಗಾಳಿ ನೇರ ಮುಖಕ್ಕೆ ಬಡಿಯುವ ಕಡೆ, ಕಂಪ್ಯೂಟರಿನ ಮುಂದೆ ನಾನು. ಬಂದವರು ಇಬ್ಬರು: ಕಪ್ಪು ಅಬಾಯಾ ತೊಟ್ಟು ದಪ್ಪ ಕನ್ನಡಕ ಹಾಕಿದ್ದ ಹೆಂಗಸು, ಹಿಂದಿನಿಂದ ಕಾರಿನ ಕೀಲಿ ಬೆರಳಲ್ಲಿ ತಿರುಗಿಸುತ್ತ ಅವರ ತಮ್ಮ. ಬಾಗಿಲ ಹತ್ತಿರವೇ ಇದ್ದ ಭಟ್ಕಳದವನು ಎದ್ದು ಕುರ್ಚಿ ಸರಿಸಿ, ಒರೆಸಿಯೂ ಆಗಿತ್ತು. ನಾನು ಮೂಲೆಯಿಂದ ಏಳುವಷ್ಟರಲ್ಲಿ ಸಲಾಮು, ಕ್ಷೇಮ ಸಮಾಚಾರ ಎಲ್ಲ ಮುಗಿದಿತ್ತು. ಅವನ ಸಂಗತಿಯೇ ಹಾಗೆ. ನಾನು ಏಳುವ ಮೊದಲು ಅವನದು ಮುಗಿದಿರುತ್ತಿತ್ತು.

ಜಿದ್ದಾದ ಹಳೆಯ ಪೇಟೆಯಲ್ಲಿದ್ದ ನಮ್ಮ ಅಂಗಡಿಯ ಮುಖ್ಯ ಕೆಲಸ ಶಜರಾ, ಅಂದರೆ ವಂಶವೃಕ್ಷ. ಅಲ್ಲಿನ ಹಳೆಯ ಮನೆತನದವರು ಗೋಡೆಯಷ್ಟು ದೊಡ್ಡ ಮರ ಬರೆಸಿ, ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿ, ಗಂಡಸರು ಕೂರುವ ಮಜ್ಲಿಸಿನಲ್ಲಿ ತೂಗುಹಾಕುತ್ತಾರೆ. ಬೇರಿನಲ್ಲಿ ಮೂಲಪುರುಷ, ಕೊಂಬೆಗಳಲ್ಲಿ ಮಕ್ಕಳು, ಎಲೆಗಳಲ್ಲಿ ಮೊಮ್ಮಕ್ಕಳು. ಬದುಕಿರುವವರಿಗೆ ಹಸಿರು ಎಲೆ, ತೀರಿಕೊಂಡವರಿಗೆ ಹಳದಿ. ಹೆಂಗಸರಿಗೆ ಎಲೆ ಇಲ್ಲ, ಅದು ವಾಡಿಕೆ. ಮರ ಬಿಡಿಸುವುದಕ್ಕಿಂತ ಅದನ್ನು ತೂಗಿಸುವುದು ಕಷ್ಟ. ಒಬ್ಬ ಅಣ್ಣನಿಗೆ ಗಂಡುಮಕ್ಕಳು ಹೆಚ್ಚು, ಇನ್ನೊಬ್ಬನಿಗೆ ಕಡಿಮೆ ಎಂದಾದರೆ ಮರ ಒಂದೇ ಕಡೆ ವಾಲುತ್ತದೆ. ಸಣ್ಣ ಕೊಂಬೆಯವನ ಮಕ್ಕಳು ಬಂದು ಮುಖ ಗಂಟಿಕ್ಕಿ ನಿಲ್ಲುತ್ತಾರೆ. ಒಮ್ಮೆ ಒಬ್ಬರು ಟೇಪು ತಂದು ಕೊಂಬೆಯ ಉದ್ದ ಅಳೆದದ್ದೂ ಉಂಟು. ಅಂಥವರ ಸಣ್ಣ ಕೊಂಬೆಯನ್ನು ನಾನು ಸ್ವಲ್ಪ ಬಳುಕಿಸಿ, ತುದಿಯನ್ನು ಮೇಲಕ್ಕೆತ್ತಿ, ನೋಡುವವರಿಗೆ ಸಮ ಅನ್ನಿಸುವ ಹಾಗೆ ಮಾಡುತ್ತಿದ್ದೆ.

ಕಾಂಡ, ಕೊಂಬೆ, ತೊಗಟೆ, ಎಲೆ ನನ್ನದು. ಎಲೆಯೊಳಗಿನ ಅರಬಿ ಹೆಸರು ಭಟ್ಕಳದವನದು. ಊರಿನಲ್ಲಿ ನಾನು ಬಸ್ಸುಗಳ ಹಿಂಬದಿಗೆ ತೆಂಗಿನ ಮರ, ಸೂರ್ಯೋದಯ ಬಿಡಿಸುತ್ತಿದ್ದವನು. ಮನೆಮಾತು ಬ್ಯಾರಿ, ಕನ್ನಡ ಕಲಿತದ್ದು ಬೋರ್ಡು ಬರೆಯುವ ಮುದುಕರ ಹತ್ತಿರ, ಅವರು ಬಣ್ಣ ಕಲಸುತ್ತ ಹೇಳುತ್ತಿದ್ದ ಕತೆಗಳಿಂದ. ಅವನ ಮನೆಮಾತು ನವಾಯತಿ. ಹೀಗಾಗಿ ನಮ್ಮಿಬ್ಬರ ನಡುವೆ ನಡೆಯುತ್ತಿದ್ದದ್ದು ಕನ್ನಡವೇ, ಜಗಳವೂ ಕನ್ನಡದಲ್ಲೇ. ನಾವು ಮಾಡಿದ ಮರಗಳನ್ನು ನೋಡಿ ಗಿರಾಕಿಗಳು ಮೊದಲು ಹೇಳುವ ಮಾತು ಒಂದೇ: ಮಾಶಾ ಅಲ್ಲಾ, ಎಂಥ ಅಕ್ಷರ! ಮರ ಎಂಬುದು ಆ ಅಕ್ಷರಗಳಿಗೆ ಹಾಕಿದ ಮೊಳೆ ಎಂಬಂತೆ. ಒಂದು ಶಜರಾದ ಫೋಟೋವನ್ನು ಮನೆಗೆ ಕಳಿಸಿದ್ದೆ. ಮಾರನೆಯ ದಿನ ಹೆಂಡತಿ ಫೋನಿನಲ್ಲಿ ಕೇಳಿದ್ದು, "ಅಕ್ಷರ ಬರೆದದ್ದು ಯಾರು? ಎಷ್ಟು ಚಂದ ಉಂಟು!"

ಆಮೇಲೆ ಫೋಟೋ ಕಳಿಸುವುದನ್ನು ನಿಲ್ಲಿಸಿದೆ.

ಬಂದ ಹೆಂಗಸು ಕಾಲೇಜಿನಲ್ಲಿ ಚರಿತ್ರೆ ಕಲಿಸುವವರು. ಇಂಗ್ಲೆಂಡಿನಲ್ಲಿ ಓದಿ ಡಾಕ್ಟರೇಟು ತಂದವರಾದ್ದರಿಂದ ಯಜಮಾನರು ಅವರನ್ನು 'ದುಕ್ತೂರಾ' ಎಂದು ಕರೆದರು; ನಾವೂ ಹಾಗೆಯೇ ಕರೆದೆವು. ಅವರು ಸುತ್ತ ತೂಗುಹಾಕಿದ್ದ ಮರಗಳನ್ನು ನೋಡುತ್ತ ನಮ್ಮಿಬ್ಬರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು:

"ನಮ್ಮ ಮನೆಯ ಶಜರಾ ಮಾಡಿದ್ದು ನೀವೇ ಅಲ್ಲವೇ?"

ಹೌದೆಂದೆವು.

"ತುಂಬ ಚೆನ್ನಾಗಿದೆ. ನಾನೊಬ್ಬಳು ಅದರಲ್ಲಿ ಇಲ್ಲ, ಅಷ್ಟೆ."

ತಮ್ಮ ನಕ್ಕ. "ಓದಿ ಬಂದಾಗಿನಿಂದ ಇದೇ. ಮಜ್ಲಿಸಿಗೆ ಬಂದರೆ ಆ ಮರದ ಎದುರು ನಿಂತು ತನ್ನ ಎಲೆ ಹುಡುಕುತ್ತಾಳೆ. ಉದುರಿ ಹೋಯಿತೇನೋ ಎಂದರೆ ನನ್ನ ಎಲೆಯನ್ನು ಉಗುರಿನಿಂದ ಕೆರೆಯಲು ಬರುತ್ತಾಳೆ."

ದುಕ್ತೂರಾ ಅವನ ಮಾತನ್ನು ಗಾಳಿಗೆ ಬಿಟ್ಟು ಕೆಲಸ ಹೇಳಿದರು. ಕಾಲೇಜಿನಲ್ಲಿ ಒಂದು ಪ್ರದರ್ಶನ. ಅದಕ್ಕೆ ಅವರು ಓದಿದ ವಿಷಯದ ಮೇಲೆ ಒಂದು ದೊಡ್ಡ ಶಜರಾ ಬೇಕು. ಟ್ಯೂಡರ್ ದೊರೆಗಳ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದ ಒಬ್ಬ ಭಾರೀ ಸಿರಿವಂತೆ, ಒಬ್ಬ ಕೌಂಟೆಸ್. ಅವಳ ಕುಟುಂಬ, ಅವಳ ಜಮೀನುಗಳು, ಯಾವುದು ಎಲ್ಲಿಂದ ಬಂತು, ಅವಳು ಸತ್ತ ಮೇಲೆ ಎಲ್ಲಿಗೆ ಹೋಯಿತು, ಎಲ್ಲ ಒಂದೇ ಮರದಲ್ಲಿ ಕಾಣಬೇಕು. ಇಂಗ್ಲಿಷಿನಲ್ಲಿ ಟೈಪು ಮಾಡಿದ ಹಾಳೆಗಳನ್ನು ಕೊಟ್ಟು, ಬಾಯಲ್ಲೂ ಕತೆ ಹೇಳಿದರು. ಬಹಳ ಚೆನ್ನಾಗಿ ಹೇಳಿದರು. ಯಜಮಾನರು ಕಾವಾ ಮರೆತು ಕೂತಿದ್ದರು.

ಕೌಂಟೆಸಳ ಅಪ್ಪನಿಗೆ ಗಂಡುಮಕ್ಕಳಿಲ್ಲ, ಇಬ್ಬರೇ ಹೆಣ್ಣುಮಕ್ಕಳು. ಆ ದೇಶದ ಕಾನೂನಿನಲ್ಲಿ ಗಂಡು ಇದ್ದರೆ ಹಿರಿಯವನಿಗೇ ಎಲ್ಲ. ಇಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಸಮಪಾಲು. ಹಾಗೆ ಅಕ್ಕತಂಗಿಯರು ಅಪ್ಪನ ಜಮೀನು ಹಂಚಿಕೊಂಡರು. ಅಳತೆಯಲ್ಲಿ ಸಮ. ಆದರೂ ಅಕ್ಕನಿಗೆ ಹೊಳೆಬದಿ ಬಂತು, ತನಗೆ ಕಲ್ಲುನೆಲ ಬಂತು ಎಂದು ತಂಗಿ ಸಾಯುವವರೆಗೂ ಕೊರಗಿದಳಂತೆ. ಅಕ್ಕನಾದ ನಮ್ಮ ಕೌಂಟೆಸ್ ಮೊದಲ ಗಂಡನಿಂದ ಒಬ್ಬ ಮಗಳನ್ನು ಹೆತ್ತಳು, ಆ ಗಂಡ ಬೇಗ ಹೋದ. ಎರಡನೆಯವನು ದೊಡ್ಡ ಪ್ರಭು. ಅವನಿಗೆ ಮೊದಲ ಹೆಂಡತಿಯ ಮಗನೊಬ್ಬನಿದ್ದ. ಪ್ರಭುವೂ ತೀರಿಕೊಂಡಾಗ ಅವನ ಜಮೀನಿನ ಮೂರನೆಯ ಒಂದು ಪಾಲು ವಿಧವೆಯ ಹಕ್ಕಾಗಿ ಕೌಂಟೆಸಳಿಗೆ ಬಂತು. ಇವಳು ಸಾಯುತ್ತಾಳೆ, ಸಾಯುತ್ತಾಳೆ ಎಂದು ಮಲಮಗ ಕಾದ. ಅವಳು ಸಾಯಲಿಲ್ಲ. ಮೂರನೆಯ ಮದುವೆಯಾದಳು, ಅರಮನೆ ಕಟ್ಟಿಸಿದಳು, ತನ್ನ ಹಣದಲ್ಲಿ ಇನ್ನಷ್ಟು ಜಮೀನು ಕೊಂಡಳು. ಕಾಯುತ್ತ ಕಾಯುತ್ತ ಮಲಮಗನ ಗಡ್ಡ ನೆರೆಯಿತು. ಹೊಟ್ಟೆಕಿಚ್ಚು ತಡೆಯಲಾರದೆ ಅವಳ ಮೇಲೆ ದಾವೆ ಹೂಡಿದ: ನನ್ನಪ್ಪನ ನೆಲದ ಓಕ್ ಮರಗಳನ್ನು ಕಡಿಸಿ ಅರಮನೆಗೆ ತೊಲೆ ಮಾಡಿಸಿಕೊಂಡಳು ಎಂದು.

ಕತೆ ಕೇಳುವಾಗ ನನ್ನ ಮನಸ್ಸು ಪೂರ್ತಿ ಮಲಮಗನ ಕಡೆಗಿತ್ತು.

ಅವರು ಹೋದ ಮೇಲೆ ಯಜಮಾನರು ನಮ್ಮಿಬ್ಬರನ್ನು ಕೂರಿಸಿಕೊಂಡರು. ಅಂಗಡಿಗಳಲ್ಲಿ ದೇಶದವರಿಗೇ ಕೆಲಸ ಕೊಡಬೇಕೆಂಬ ಕಾನೂನು ಬಿಗಿಯಾಗುತ್ತಿದ್ದ ಕಾಲ ಅದು. ಹೊರದೇಶದವರಲ್ಲಿ ಒಬ್ಬನ ಇಕಾಮಾ ಎಂಬ ವಾಸದ ಪರವಾನಗಿಯನ್ನು ಮಾತ್ರ ನವೀಕರಿಸಲು ಸಾಧ್ಯ, ಇನ್ನೊಬ್ಬ ಬೇರೆ ಕಫೀಲನನ್ನು, ಅಂದರೆ ವೀಸಾಕ್ಕೆ ಹೊಣೆ ನಿಲ್ಲುವ ಧಣಿಯನ್ನು, ಹುಡುಕಿಕೊಳ್ಳಬೇಕು ಅಥವಾ ಊರಿಗೆ ಹೋಗಬೇಕು ಎಂದರು. ಹೇಳುವಾಗ ಅವರಿಗೇ ಸಂಕಟವಾಗಿತ್ತು. ಜಪಮಾಲೆಯ ಮಣಿಗಳನ್ನು ಉರುಳಿಸದೆ ಸುಮ್ಮನೆ ಹಿಡಿದಿದ್ದರು.

"ಈ ದುಕ್ತೂರಾಳ ಮರವನ್ನು ಇಬ್ಬರೂ ಬೇರೆ ಬೇರೆಯಾಗಿ ಮಾಡಿ. ಆಮೇಲೆ ನೋಡೋಣ," ಎಂದರು.

ಹೊರಗೆ ಬಂದಾಗ ಭಟ್ಕಳದವನು, "ಎಂತ ಬ್ಯಾರಿಗಳೇ, ಮುಖ ಸುಟ್ಟ ಪತ್ರೊಡೆ ಹಾಗೆ ಆಗಿದೆ?" ಎಂದ.

"ನಿನಗೆಂತ, ಅಕ್ಷರ ಉಂಟು."

"ನಿಮಗೆ ಮರ ಉಂಟಲ್ಲ ಮಾರಾಯ್ರೇ. ಶಜರಾ ಅಂದ್ರೆ ಮರವೇ ಅಲ್ವಾ?"

ಸಮಾಧಾನ ಹೇಳಿದನೋ ಚುಚ್ಚಿದನೋ ಗೊತ್ತಾಗಲಿಲ್ಲ. ಅವನ ಮಾತೆಲ್ಲ ಹಾಗೆಯೇ ಇರುತ್ತಿತ್ತು, ಜೇನು ಸವರಿದ ಹಾಗೆ.

ಅಂದಿನಿಂದ ಒಂದೇ ಅಂಗಡಿಯಲ್ಲಿ ಎರಡು ಅಂಗಡಿಗಳಾದವು. ನಾನು ಕಂಪ್ಯೂಟರಿನ ಪರದೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡೆ. ಅವನು ತನ್ನ ಮೇಜಿನ ಮೇಲೆ ಹಳೆಯ ಕ್ಯಾನ್ವಾಸ್ ಹೊದಿಸಿ ಕೆಲಸ ಮಾಡತೊಡಗಿದ. ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದೇ ಪಾತ್ರೆಯಲ್ಲಿ ಬೇಯಿಸಿ ಉಣ್ಣುವವರು ನಾವು. ಊಟದಲ್ಲಿ ಉಪ್ಪಿನ ಮಾತು, ಊರಿನ ಮಾತು ಎಲ್ಲ ಬರುತ್ತಿತ್ತು, ಮರದ ಮಾತು ಮಾತ್ರ ಬರುತ್ತಿರಲಿಲ್ಲ. ಅವನು ಮೀನು ಹುರಿಯುವಾಗ ಸಿಳ್ಳೆ ಹಾಕಿದರೆ, ಓಹೋ, ಕೆಲಸ ಚೆನ್ನಾಗಿ ಸಾಗುತ್ತಿದೆ ಎಂದು ನಾನು ಊಟಕ್ಕೆ ಮೊದಲೇ ಮತ್ತೆ ಕೆಳಗಿಳಿದು ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ.

ಕೌಂಟೆಸಳನ್ನು ಎಲ್ಲಿಡುವುದು ಎಂಬುದು ಮೊದಲ ಪ್ರಶ್ನೆ. ನಾವು ಮಾಡುತ್ತಿದ್ದ ಮರಗಳ ಕ್ರಮದಲ್ಲಿ ಅವಳಿಗೆ ಜಾಗವೇ ಇಲ್ಲ. ನನಗೆ ಇದು ಕಷ್ಟ ಆಗಲಿಲ್ಲ. ನಮ್ಮ ಕಡೆ ಹಲವು ಮನೆಗಳಲ್ಲಿ ಮದುವೆಯಾದ ಗಂಡಸು ಹೆಂಡತಿಯ ಮನೆಗೆ ಹೋಗುತ್ತಾನೆ. ನನ್ನ ಅಪ್ಪನೂ ಸಂಜೆಗೆ ಉಮ್ಮನ ಮನೆಗೆ ಬರುತ್ತಿದ್ದವರು. ಮಕ್ಕಳು ಯಾವ ಮನೆಯವರು ಎಂದರೆ ಉಮ್ಮನ ಮನೆಯ ಹೆಸರೇ. ಹಾಗಾಗಿ ಕೌಂಟೆಸಳನ್ನೇ ಕಾಂಡ ಮಾಡಿದೆ. ಅಪ್ಪನ ನೆಲದಿಂದ ಜೋಡಿ ಕಾಂಡ ಮೇಲೇಳುತ್ತದೆ, ಒಂದು ಅಕ್ಕ, ಒಂದು ತಂಗಿ. ದಪ್ಪ ಒಂದೇ ಅಳತೆ. ಗಂಡಂದಿರು ಮೂವರೂ ಮರದ ಭಾಗವಲ್ಲ, ಕೊಂಬೆ ಚಾಚಿದ ಕಡೆ ಅಕ್ಕಪಕ್ಕದ ನೆಲ. ಯಾವ ಕೊಂಬೆ ಯಾವ ನೆಲದ ಮೇಲೆ ಚಾಚಿತೋ ಆ ಜಮೀನು ಅವಳಿಗೆ ಬಂತೆಂದು ಅರ್ಥ. ಅವಳದೇ ಆದ ಜಮೀನಿಗೆಲ್ಲ ಹಸಿರು ಹಾಕಿ, ತುದಿಯಲ್ಲಿ ಮಗಳ ಕೊಂಬೆಗೆ ಸೇರಿಸಿದೆ. ತೊಗಟೆಗೆ ಎಂದೂ ಹಾಕದಷ್ಟು ಗೆರೆ ಹಾಕಿದೆ. ಹೆಸರುಗಳನ್ನು ಮಾತ್ರ ಕಂಪ್ಯೂಟರಿನ ಅಕ್ಷರದಲ್ಲಿ ಕೂರಿಸಬೇಕಾಯಿತು. ಅಷ್ಟು ಚಂದದ ಮರದಲ್ಲಿ ಅವು ಔಷಧದ ಡಬ್ಬಿಯ ಮೇಲಿನ ಚೀಟಿಯ ಹಾಗೆ ಕಂಡವು.

ಒಪ್ಪಿದ ದಿನ ದುಕ್ತೂರಾ ಬಂದರು. ಎರಡೂ ಮರಗಳನ್ನು ಪಕ್ಕಪಕ್ಕದಲ್ಲಿ ಇಟ್ಟೆವು. ಅವನದನ್ನು ನಾನೂ ಅದೇ ಮೊದಲು ನೋಡಿದ್ದು. ಪ್ರಭುವೇ ಕಾಂಡ, ಉಳಿದಿಬ್ಬರು ಗಂಡಂದಿರು ಪಕ್ಕದ ಗಿಡಗಳು, ಕೌಂಟೆಸ್ ಅವುಗಳ ನಡುವೆ ಹಬ್ಬಿದ ಬಳ್ಳಿ. ಕಾಂಡ ನೇರವಾಗಿ ಕರೆಂಟು ಕಂಬದಂತಿತ್ತು. ಅದನ್ನು ಕಂಡು ನನಗೆ ಆದ ತಂಪನ್ನು ಹೇಳಲಾರೆ. ಆದರೆ ಆ ಅಕ್ಷರಗಳು! ಕೌಂಟೆಸ್ ಎಂಬ ಪದವನ್ನು ಉದ್ದಕ್ಕೆಳೆದು, ಅದರ ಕೊನೆಯನ್ನೇ ಬಳ್ಳಿಯ ಕುಡಿ ಮಾಡಿ ಬಿಟ್ಟಿದ್ದ.

"ಇದರಲ್ಲಿ ಅವಳು ಮೂರು ಗಂಡಸರಿಗೆ ಜೋತುಬಿದ್ದಿದ್ದಾಳೆ," ಎಂದರು ದುಕ್ತೂರಾ ಅವನದನ್ನು ತೋರಿಸಿ. ನನ್ನದರ ಮೇಲೆ ಕೈಯಿಟ್ಟು, "ಇದರಲ್ಲಿ ನಿಂತಿದ್ದಾಳೆ," ಎಂದರು. ನನ್ನ ಎದೆ ಉಬ್ಬಿತು. "ಅಕ್ಷರ ಮಾತ್ರ..." ಎಂದು ಅವನದರ ಕಡೆ ಮತ್ತೆ ತಿರುಗಿದರು. ಎದೆ ಇಳಿಯಿತು.

ಆಮೇಲೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ, ಎರಡನ್ನೂ ಹತ್ತಿರದಿಂದ ನೋಡಿದರು. ನಗಲು ಶುರು ಮಾಡಿದರು. ತಡೆಯಲಾರದೆ ಕುರ್ಚಿಯಲ್ಲಿ ಕೂತು ನಕ್ಕರು.

"ನೀವಿಬ್ಬರೂ ಒಬ್ಬರನ್ನೊಬ್ಬರು ನೋಡಿ ಮಾಡಿದಿರಾ?"

ಇಲ್ಲವೆಂದು ಇಬ್ಬರೂ ಆಣೆ ಹಾಕಿದೆವು.

"ಹಾಗಾದರೆ ಪ್ರಭುವಿನ ಮೂರನೇ ಒಂದು ಪಾಲನ್ನು ಇಬ್ಬರೂ ಅವಳ ಮಗಳಿಗೆ ಯಾಕೆ ಕೊಟ್ಟಿರಿ?"

ನಾನು ಅವರ ಹಾಳೆಯಲ್ಲಿದ್ದ ಪದ ತೋರಿಸಿದೆ. ಆ ಪಾಲಿನ ಎದುರು ಇಂಗ್ಲಿಷಿನಲ್ಲಿ 'ಡೋವರ್' ಎಂದಿತ್ತು. ನಮಗೆ ಆ ಪದ ಹೊಸತಲ್ಲ. ಊರಿನ ಮಸೀದಿಯಿಂದ ಕೊಡುವ ಇಂಗ್ಲಿಷಿನ ನಿಕಾಹ್ ಸರ್ಟಿಫಿಕೇಟಿನಲ್ಲಿ ಮಹರ್ ಎನ್ನುವುದಕ್ಕೆ ಅಚ್ಚಾಗಿರುವುದು ಅದೇ ಪದ. ಹೆಂಡತಿಯನ್ನು ಕರೆಸಲು ವೀಸಾಕ್ಕೆ ಅರ್ಜಿ ಹಾಕಿದವರೆಲ್ಲ ಆ ಕಾಗದವನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಮೊಹರಿಗಾಗಿ ಅಲೆದವರೇ. ನಿದ್ದೆಯಲ್ಲಿ ಕೇಳಿದರೂ ಡೋವರ್ ಅಂದರೆ ಮಹರ್ ಎನ್ನುತ್ತೇವೆ. ಗಂಡ ಹೆಂಡತಿಗೆ ಕೊಡಲೇಬೇಕಾದದ್ದು, ಕೊಟ್ಟ ಮೇಲೆ ಅವಳದೇ ಆದದ್ದು. ಅವಳದಾದರೆ ಅವಳ ಮಗಳದು. ಭಟ್ಕಳದವನು ಒಂದು ಹೆಜ್ಜೆ ಮುಂದೆ ಹೋಗಿ ಆ ಕೊಂಬೆಯ ಮೇಲೆ 'ಮಹರ್' ಎಂದು ಅರಬಿಯಲ್ಲಿ ಚಿನ್ನದ ಶಾಯಿಯಿಂದ ಬರೆದೇ ಬಿಟ್ಟಿದ್ದ.

"ಪ್ರೊಟೆಸ್ಟೆಂಟ್ ಕೌಂಟೆಸಳಿಗೆ ನೀವಿಬ್ಬರು ಸೇರಿ ನಿಕಾಹ್ ಮಾಡಿಸಿದ್ದೀರಿ," ಎಂದರು ದುಕ್ತೂರಾ ಕಣ್ಣೊರೆಸಿಕೊಳ್ಳುತ್ತ.

ಯಜಮಾನರು ನಮ್ಮ ಪಕ್ಷ ವಹಿಸಿದರು. "ಮಹರ್ ಅಲ್ಲದೆ ಮತ್ತೇನು? ಸತ್ತ ಅಪ್ಪ ಹೆಂಡತಿಗೆ ಕೊಟ್ಟದ್ದನ್ನು ವಾಪಸ್ ಕೇಳುವ ಮಗ ಎಂಥವನು? ನಾಚಿಕೆಯಿಲ್ಲವೇ ಅವನಿಗೆ?"

"ಕೊಟ್ಟದ್ದಲ್ಲ ಅಂಕಲ್, ಬದುಕಿರುವಷ್ಟು ದಿನ ಅನುಭವಿಸಲು ಬಿಟ್ಟದ್ದು. ಬೆಳೆ ತಿನ್ನಬಹುದು, ಬಾಡಿಗೆ ತಿನ್ನಬಹುದು, ಮಾರುವಂತಿಲ್ಲ, ಮಗಳಿಗೆ ಕೊಡುವಂತಿಲ್ಲ. ಬೆಳೆದು ನಿಂತ ಓಕ್ ಮರ ಕಡಿಯುವಂತಿಲ್ಲ. ಅದಕ್ಕೇ ಅಲ್ಲವೇ ದಾವೆ! ಅವಳು ಸತ್ತ ದಿನ ಅದು ಮಲಮಗನ ಮನೆಗೆ ವಾಪಸ್. ಅಪ್ಪನಿಂದ ಬಂದದ್ದು ಮಗಳಿಗೆ. ಕೊಂಡದ್ದನ್ನು ಅವಳು ತನಗೆ ಬೇಕಾದವರಿಗೆ ಉಯಿಲು ಬರೆದಳು. ಮೂರು ನೆಲ, ಮೂರು ದಾರಿ. ಈ ಕತೆಯಲ್ಲಿ ಇರುವುದೇ ಅಷ್ಟು."

ಯಜಮಾನರಿಗೆ ಒಪ್ಪಿಗೆಯಾಗಲಿಲ್ಲ. ಇಂಗ್ಲಿಷರ ಬಗ್ಗೆ ತನಗೆ ಮೊದಲಿನಿಂದಲೂ ಅನುಮಾನವಿತ್ತು ಎಂದು ಗೊಣಗಿದರು. ಪ್ರದರ್ಶನಕ್ಕೆ ಇನ್ನೂ ಸ್ವಲ್ಪ ದಿನವಿದೆ, ತಿದ್ದಿ ಕೊಡಿ ಎಂದು ದುಕ್ತೂರಾ ಹೊರಟರು.

ತಿದ್ದುವುದು ಹೇಗೆ? ಇಲ್ಲಿಯೇ ನಾನು ಸಿಕ್ಕಿಬಿದ್ದದ್ದು. ಮರ ಎಂದರೆ ಕೆಳಗಿಂದ ಮೇಲೆ ಹೋಗುವಂಥದ್ದು. ಕೊಂಬೆ ಚಾಚಿಕೊಂಡ ಮೇಲೆ ಹಿಂದಕ್ಕೆ ಬರುವುದಿಲ್ಲ. ಈ ಜಮೀನು ಹೋಗಿ, ಒಬ್ಬ ಹೆಂಗಸಿನ ಆಯುಷ್ಯದಷ್ಟು ಕಾಲ ಅಲ್ಲಿದ್ದು, ಮತ್ತೆ ಮೊದಲಿನ ನೆಲಕ್ಕೇ ಬರಬೇಕು. ಬಾಣದ ಗುರುತು ಹಾಕಿದೆ. ಮರವು ಊರಿನ ರಿಂಗ್ ರಸ್ತೆಯ ನಕ್ಷೆಯಾಯಿತು. ಆ ಕೊಂಬೆಗೆ ಹಳದಿ ಹಾಕಿದೆ. ರೋಗ ಹಿಡಿದಂತೆ ಕಂಡಿತು. ಕೊಂಬೆಯನ್ನೇ ಬಗ್ಗಿಸಿ ನೆಲ ಮುಟ್ಟಿಸಿದೆ. ಮುರಿದು ಬಿದ್ದಿದೆ ಎನ್ನಿಸಿತು. ಎಷ್ಟು ಸಲ ಅಳಿಸಿದೆನೋ. ಆ ದಿನಗಳಲ್ಲಿ ಭಟ್ಕಳದವನು ಸಿಳ್ಳೆ ಹಾಕುತ್ತಿರಲಿಲ್ಲ ಎಂಬುದೊಂದೇ ನೆಮ್ಮದಿ.

ಒಂದು ಮಧ್ಯಾಹ್ನ ಆ ನೆಮ್ಮದಿಯೂ ಹೋಯಿತು. ನಮ್ಮ ಬೀದಿಯ ಉದ್ದಕ್ಕೂ ನಗರಸಭೆಯವರು ನೆಟ್ಟ ಫೈಕಸ್ ಮರಗಳಿದ್ದವು, ಡಬ್ಬಿಯ ಹಾಗೆ ಚೌಕಾಕಾರಕ್ಕೆ ಕತ್ತರಿಸಿದವು. ಮಸೀದಿಯ ಹಿಂದಿನ ಒಂದು ಮರ ಮಾತ್ರ ಕತ್ತರಿಗೆ ಸಿಗದೆ ತನ್ನಿಷ್ಟಕ್ಕೆ ಬೆಳೆದಿತ್ತು. ನಮ್ಮ ಆಲದ ಜಾತಿಯದೇ ಇರಬೇಕು. ಕೊಂಬೆಗಳಿಂದ ಬಿಳಲು ಬಿಟ್ಟಿತ್ತು. ಲುಹರ್ ನಮಾಜು ಮುಗಿಸಿ ಬರುವಾಗ ನೋಡುತ್ತೇನೆ, ಅವನು ಅದರ ನೆರಳಿನಲ್ಲಿ ಚಪ್ಪಲಿ ಬಿಟ್ಟು ಕೂತು, ತೊಡೆಯ ಮೇಲಿನ ರಟ್ಟಿನಲ್ಲಿ ಏನೋ ಎಳೆಯುತ್ತಿದ್ದಾನೆ. ಸಿಳ್ಳೆ ಬೇರೆ.

ಆ ಸಿಳ್ಳೆ ಕೇಳಿಯೇ ನನಗೆ ಗೊತ್ತಾಯಿತು. ತಲೆಯೆತ್ತಿ ಬಿಳಲುಗಳನ್ನು ನೋಡಿದೆ. ಕೊಂಬೆಯಿಂದ ಹೊರಟು ಕೆಳಗಿಳಿದು ನೆಲ ಸೇರಿ, ಅಲ್ಲಿ ದಪ್ಪವಾಗಿ, ತಾವೇ ಕಾಂಡವಾಗಿದ್ದವು. ಪ್ರಭುವಿನ ನೆಲದ ಮೇಲೆ ಚಾಚಿದ ಕೊಂಬೆ, ಅದರಿಂದ ಇಳಿದ ಬಿಳಲು, ಅದೇ ನೆಲದಲ್ಲಿ ಬೇರೂರಿದ ಮಲಮಗನ ವಂಶ. ಇಷ್ಟು ಸರಳ. ಆಲದ ಮರದ ಕೆಳಗೆ ಬಸ್ಸಿಗೆ ಕಾದು ಬೆಳೆದವನು ನಾನು. ಅವನಿಗೆ ಹೊಳೆದದ್ದು ನನಗೆ ಯಾಕೆ ಹೊಳೆಯಲಿಲ್ಲ? ಚಪ್ಪಲಿಯ ಸದ್ದಾಗದ ಹಾಗೆ ಅಂಗಡಿಗೆ ನಡೆದೆ.

ಕಂಪ್ಯೂಟರಿನಲ್ಲಿ ಮರ ಇದ್ದದ್ದು ನನ್ನ ಹತ್ತಿರ. ಬಿಳಲು ಯಾರ ಸ್ವತ್ತೂ ಅಲ್ಲ, ಮರದ್ದು. ಹೀಗೆಲ್ಲ ವಾದ ಮಾಡಿಕೊಂಡು ಕೂತು ಎಳೆದೆ. ಬರಲಿಲ್ಲ. ನನ್ನ ಕೈ ತೊಗಟೆಗೆ, ಗಂಟಿಗೆ, ಬಲಕ್ಕೆ ಪಳಗಿದ ಕೈ. ಬಿಳಲಿಗೆ ಬೇಕಾದದ್ದು ಒಂದೇ ಉಸಿರಿನ ಗೆರೆ, ಮೇಲೆ ತೆಳ್ಳಗೆ, ನಡುವೆ ಬಳುಕಿ, ಕೆಳಗೆ ತಾನಾಗಿ ತೋರವಾಗುವ ಗೆರೆ. ಅದು ಲೇಖನಿಯ ಗೆರೆ. ಅರಬಿಯ ಮೊದಲ ಅಕ್ಷರ ಅಲಿಫ್ ಬರೆಯುವವನ ಗೆರೆ. ನಾನು ಎಳೆದದ್ದೆಲ್ಲ ಮುರಿದ ಮನೆಯ ಮಾಡಿನಿಂದ ನೇತಾಡುವ ಕರೆಂಟಿನ ವಯರು.

ಮಾರನೆಯ ದಿನ ಊಟಕ್ಕೆ ಕೂತಾಗ ಬಾಯಿ ಬಿಟ್ಟೆ.

"ಭಾಯ್, ಆ ಬಿಳಲು ನನ್ನ ಮರಕ್ಕೆ ಬೇಕು."

ಅವನು ಮೀನಿನ ಮುಳ್ಳು ಬಿಡಿಸುತ್ತ, "ಕೇಳುದಾ, ಹೇಳುದಾ?" ಎಂದ.

"ಕೇಳುದು."

"ನಾನು ಗ್ರಹಿಸಿದ್ದೆ ನೀವು ಈಗಾಗಲೇ ತಗೊಂಡಾಯ್ತು ಅಂತ. ನಿನ್ನೆ ಆ ಮರದ ಕೆಳಗೆ ಬಾಯಿ ತೆರೆದು ನಿಂತದ್ದು ಕಂಡೆ."

"ಎಳೆದು ನೋಡಿದೆ ಮಾರಾಯ. ವಯರ್ ಆಯ್ತು."

ಅವನು ತಟ್ಟೆ ಕೆಳಗಿಟ್ಟು ನಕ್ಕ. "ನಾನೂ ನಿಮ್ಮ ಕಾಂಡ ಬಿಡಿಸಿ ನೋಡಿದೆ ಬ್ಯಾರಿಗಳೇ. ಪೆಪ್ಸಿ ಬಾಟಲಿ ಆಯ್ತು."

"ನನ್ನ ಕಾಂಡವಾ? ತಿದ್ದುವಾಗಲೂ ನಾನು ಪರದೆ ತಿರುಗಿಸಿ ಇಟ್ಟಿದ್ದೆ!"

"ಗೋಡೆಗೆ ತಿರುಗಿಸಿದ್ರಿ. ಆ ಗೋಡೆಯಲ್ಲೇ ಕಿಟಕಿ ಉಂಟಲ್ಲ, ಹೊರಗಿಂದ ಎಲ್ಲ ಕಾಣ್ತದೆ."

ಆಗ ನನಗೂ ನಗು ಬಂತು. ನಕ್ಕು ಮುಗಿದ ಮೇಲೆ ಇಬ್ಬರ ಮನಸ್ಸಿನಲ್ಲಿದ್ದ ಮಾತನ್ನು ನಾನೇ ಕೇಳಿದೆ: "ಮತ್ತೆ ಇಕಾಮಾದ್ದು ಎಂತ ಮಾಡುದು?"

"ಎಂತ ಮಾಡುದು? ಎರಡು ಅರ್ಧ ಮರ ಕೊಟ್ರೆ ಇಬ್ರನ್ನೂ ಕಳಿಸ್ತಾರೆ. ಮೊದಲು ಮರ ಆಗಲಿ. ಯಲ್ಲಾ, ಏಳಿ."

ಆಮೇಲಿನದು ನನ್ನ ಕೆಲಸದ ಬದುಕಿನ ಅತಿ ಕಷ್ಟದ ದಿನಗಳು, ಮತ್ತು ಬೇಡ ಬೇಡವೆಂದರೂ ಅತಿ ಸುಖದ ದಿನಗಳು. ನಾನು ಕಾಂಡವನ್ನು ಮುದ್ರಿಸಿ ಕೊಡುವುದು, ಅವನು ಅದರ ಮೇಲೆ ತೆಳ್ಳನೆಯ ಕಾಗದ ಹಾಸಿ ಬಿಳಲು ಎಳೆಯುವುದು, ಅದನ್ನು ನಾನು ಸ್ಕ್ಯಾನ್ ಮಾಡಿ ಕೊಂಬೆಗೆ ಬೆಸೆಯುವುದು. ಬೆಸೆದ ಕಡೆ ಗಂಟು ಕಾಣಬಾರದು. ಅವನ ಬಿಳಲು ನನ್ನ ಕೊಂಬೆಗೆ ಹೆಚ್ಚು ನಾಜೂಕು, ನನ್ನ ಕೊಂಬೆ ಅವನ ಬಿಳಲಿಗೆ ಹೆಚ್ಚು ಒರಟು.

"ಎಷ್ಟು ದಪ್ಪ ಮಾಡಿದ್ದೀರಿ ಮಾರಾಯ್ರೇ! ಕೌಂಟೆಸ್ ಉಮ್ಮ ಉಂಡು ಉಂಡು ಎದ್ದು ನಿಲ್ಲಲಿಕ್ಕೆ ಆಗ್ತಾ ಇಲ್ಲ."

"ಅಷ್ಟು ಜಮೀನು ಹೊತ್ತವಳು. ನಿನ್ನ ಅಕ್ಷರದ ಹಾಗೆ ಸೊಂಟ ಬಳುಕಿಸಿ ನಿಲ್ಲುದಾ?"

ಅಂದಿನಿಂದ ಅವಳು ನಮಗೆ ಕೌಂಟೆಸ್ ಉಮ್ಮ. ಅವಳ ಸ್ವಂತದ್ದಕ್ಕೆ ಕಡುಹಸಿರು ಎಲೆ. ವಿಧವೆಯ ಪಾಲಿಗೆ ಎಳೆಹಸಿರು, ಅಲ್ಲಿಂದ ಬಿಳಲು. ಕೊಂಡ ಜಮೀನಿಗೆ ಹಣ್ಣು, ಯಾರಿಗೆ ಬೇಕಾದರೂ ಕಿತ್ತು ಕೊಡಬಹುದಾದ್ದರಿಂದ. ಮಲಮಗನ ನೆಲದಲ್ಲಿ ಕಡಿದ ಓಕ್ ಮರದ ಬೊಡ್ಡೆಗಳನ್ನು ಸಣ್ಣಗೆ ಬಿಡಿಸಿದೆ. 'ಮಹರ್' ಎಂದು ಬರೆದಲ್ಲಿ ಈಗ ಏನು ಬರೆಯುವುದು ಎಂದು ದುಕ್ತೂರಾಗೆ ಫೋನು ಮಾಡಿದೆವು. ಒಂದು ಪದದಲ್ಲಿ ಆಗದು, 'ಅವಳು ಬದುಕಿರುವಷ್ಟು ದಿನ' ಎಂದೇ ಬರೆಯಿರಿ ಎಂದರು. ಅವನು ಅದನ್ನು ಬಿಳಲಿನ ಉದ್ದಕ್ಕೂ, ಇಳಿಯುತ್ತ ಇಳಿಯುತ್ತ, ನೆಲ ಮುಟ್ಟುವ ಹಾಗೆ ಬರೆದ. ಅದನ್ನು ನೋಡಿದಾಗ ನನಗೆ ಮೊದಲು ಸಂತೋಷವಾಯಿತು. ಎರಡನೆಯದಾಗಿ ಏನಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ದುಕ್ತೂರಾ ಮತ್ತು ತಮ್ಮ ಬಂದ ದಿನ ಮರವನ್ನು ಅಂಗಡಿಯ ಉದ್ದದ ಗೋಡೆಗೆ ತೂಗುಹಾಕಿದ್ದೆವು. ದುಕ್ತೂರಾ ಜೋಡಿ ಕಾಂಡದ ಹತ್ತಿರ ನಿಂತರು, ಬಿಳಲಿನ ಹತ್ತಿರ ನಿಂತರು, ಬಗ್ಗಿ ಬೊಡ್ಡೆಗಳನ್ನು ನೋಡಿದರು. ತಮ್ಮ, "ಪಾಪ, ಈ ಮಲಮಗನಿಗೆ ಕೊನೆಗೂ ಸಿಕ್ಕಿತಲ್ಲ," ಎಂದ. ಯಜಮಾನರು ನಮ್ಮಿಬ್ಬರ ಮುಖ ನೋಡಿ ಕೇಳಿಯೇಬಿಟ್ಟರು:

"ಇದು ಯಾರದು?"

ನಾನು ಆ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಬಿಳಲು ಇವನದು, ಅದಿಲ್ಲದಿದ್ದರೆ ಈ ಮರವೇ ಇಲ್ಲ ಎಂದು ಹೇಳುವವನಿದ್ದೆ, ನಿಜವಾಗಿ. ಅರಬಿಯಲ್ಲಿ ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಭಟ್ಕಳದವನು ಯಜಮಾನರಿಗೆ ಹೇಳಿಬಿಟ್ಟಿದ್ದ:

"ಮರ ಇವರದು, ಮುಅಲ್ಲಿಮ್. ನಾನು ಅದಕ್ಕೆ ಜೋತುಬಿದ್ದವನು."

ನೋಡಿ, ಅದರಲ್ಲೂ ಅವನೇ ಮುಂದೆ. ಆಮೇಲೆ ನಾನು ಹೇಳಿದ್ದೆಲ್ಲ ಅವನ ಮಾತಿಗೆ ಮರುಮಾತಿನ ಹಾಗೆ, ಉಪಚಾರಕ್ಕೆ ಹೇಳಿದ ಹಾಗೆ ಕೇಳಿಸಿತು. ಆ ಕ್ಷಣ ಅವನ ಅಕ್ಷರಕ್ಕಿಂತ, ಅವನ ಬಿಳಲಿಗಿಂತ, ಅವನು ಅಷ್ಟು ಹಗುರವಾಗಿ ಆ ಮಾತನ್ನು ಹೇಳಬಲ್ಲ ಎಂಬುದು ನನ್ನನ್ನು ಹೆಚ್ಚು ಸುಟ್ಟಿತು.

"ಇಬ್ಬರದೂ ಅಂಕಲ್," ಎಂದರು ದುಕ್ತೂರಾ. "ಇಬ್ಬರನ್ನೂ ಇಟ್ಟುಕೊಳ್ಳಿ."

"ಮಗಳೇ, ಸರಕಾರದ ಕಂಪ್ಯೂಟರಿಗೆ ಇಬ್ಬರು ಎಂಬುದು ಗೊತ್ತಾಗುವುದಿಲ್ಲ," ಎಂದರು ಯಜಮಾನರು.

ಅವರು ಉಳಿಸಿಕೊಂಡದ್ದು ಅವನನ್ನು. ಮರ ಬಿಡಿಸಲು ಯಂತ್ರದಲ್ಲಿ ಹಳೆಯ ಮರಗಳಿವೆ, ನಿನ್ನವೇ. ಹೆಸರು ಬರೆಯಲು ಕೈ ಬೇಕು ಎಂದು ನನ್ನ ಭುಜ ಹಿಡಿದು ಹೇಳಿದರು. ಸುಳ್ಳು ಅಂತ ಹೇಳುವ ಹಾಗಿರಲಿಲ್ಲ. ಊರಿನವರೊಬ್ಬರ ಮೂಲಕ ರಿಯಾದಿನ ಬತ್ಹಾದಲ್ಲಿ ಬೋರ್ಡು ಮಾಡುವ ಅಂಗಡಿಗೆ ನನ್ನ ಕಫೀಲ್ ಬದಲಾಯಿತು. ಹೊರಡುವ ದಿನ ಭಟ್ಕಳದವನು ಬಸ್ಸಿಗೆ ಚೀಲ ಹೊತ್ತು ತಂದ. ಹುರಿದ ಮೀನು ಕಟ್ಟಿಕೊಟ್ಟಿದ್ದ. ದಾರಿಯಲ್ಲಿ ತಿಂದೆ, ಮುಳ್ಳು ಕೂಡ ಬಿಡಿಸಿ ಇಟ್ಟಿದ್ದ.

ಬತ್ಹಾದಲ್ಲಿ ನಾನು ಮಾಡಿದ್ದು ಬೂಫಿಯಾ ಎಂಬ ಸಣ್ಣ ತಿಂಡಿ ಅಂಗಡಿಗಳ ಬೋರ್ಡು, ಮೊಬೈಲ್ ಅಂಗಡಿಯ ಬೋರ್ಡು. ಮರ ಬಿಡಿಸುವ ಸಂದರ್ಭ ಬರಲಿಲ್ಲ.

ಮರುವರ್ಷ ಉಮ್ರಾ ಯಾತ್ರೆಗೆಂದು ಮೆಕ್ಕಾಕ್ಕೆ ಹೋದವನು ಹಿಂದಿರುಗುವಾಗ ಜಿದ್ದಾದಲ್ಲಿ ಇಳಿದು ಅಂಗಡಿಗೆ ಹೋದೆ. ಯಜಮಾನರು ಎದ್ದು ಅಪ್ಪಿಕೊಂಡರು. ಗೋಡೆಯ ಮೇಲೆ ಒಂದು ಹೊಸ ಶಜರಾ ಇತ್ತು, ಚೌಕಟ್ಟು ಹಾಕುವುದು ಬಾಕಿ. ಕಾಂಡ ನೋಡಿದ ಕೂಡಲೇ ನನ್ನದೆಂದು ಗೊತ್ತಾಯಿತು. ದುಕ್ತೂರಾರ ಮನೆಯದು; ತಮ್ಮನೇ ಬಂದು, ಈ ಸಲ ಹೆಣ್ಣುಮಕ್ಕಳನ್ನೂ ಸೇರಿಸಿ ಎಂದು ಹೇಳಿ ಹೋಗಿದ್ದನಂತೆ. ಅಜ್ಜಿ, ಅತ್ತೆ, ಅಕ್ಕತಂಗಿ, ಎಲ್ಲರ ಎಲೆಗಳಿದ್ದವು. ತಮ್ಮನ ಎಲೆಯ ಪಕ್ಕದಲ್ಲಿ ಮಾತ್ರ ಒಂದು ಜಾಗ ಖಾಲಿ ಇತ್ತು.

"ಇದೆಂತ ಭಾಯ್, ಇಲ್ಲಿ ಬಿಟ್ಟಿದ್ದೀಯ?"

"ಉಳಿದ ಎಲೆಗಳೆಲ್ಲ ನಿಮ್ಮ ಹಳೆಯವೇ, ಯಂತ್ರದಿಂದ ತೆಗೆದದ್ದು. ಇದು ಒಂದಾದರೂ ಹೊಸತು ಇರಲಿ ಅಂತ. ನೀವು ಉಮ್ರಾಕ್ಕೆ ಬರ್ತೀರಿ ಅಂತ ಗೊತ್ತಿತ್ತಲ್ಲ," ಎಂದು ಬ್ರಶ್ಶು ಕೈಗೆ ಕೊಟ್ಟ.

ಕ್ಯಾನ್ವಾಸಿನ ಮೇಲೆ ನೇರವಾಗಿ ಎಲೆ ಬಿಡಿಸಿದೆ. ಬಸ್ಸುಗಳ ಕಾಲದ ನಂತರ ಬ್ರಶ್ಶು ಹಿಡಿದದ್ದು ಅದೇ ಮೊದಲು. ಗಾಳಿ ಬೀಸಿದ ಹಾಗೆ ತುದಿಯನ್ನು ಒಂದಿಷ್ಟು ಎಡಕ್ಕೆ ತಿರುಗಿಸಿದೆ. ಬಣ್ಣ ಒಣಗುವವರೆಗೆ ಇಬ್ಬರೂ ಕಾವಾ ಕುಡಿದೆವು. ಆಮೇಲೆ ಅವನು ಲೇಖನಿ ಅದ್ದಿ ದುಕ್ತೂರಾರ ಹೆಸರು ಬರೆದ.

ಆ ಎಲೆಯಲ್ಲಿ ಅಷ್ಟೊಂದು ಜಾಗ ಇದೆಯೆಂದು ಬಿಡಿಸಿದ ನನಗೇ ಗೊತ್ತಿರಲಿಲ್ಲ.